ಮುಂದಿನ ಪಂಕ್ತಿಗೆ ಕಾಯಲಾಗದವರು

ಒಂದು ಮದುವೆ ಊಟ, ಒಂದು ಇನ್ಸುಲಿನ್ ಇಂಜೆಕ್ಷನ್, ಒಂದು ಮಿಲಿಸೆಕೆಂಡ್. ಮೊಬೈಲ್ ಟವರ್ ಯಾರಿಗೆ ಮೊದಲು ಎಲೆ ಹಾಕುತ್ತೆ, ಯಾಕೆ ಹಾಕುತ್ತೆ ಅನ್ನೋ ಕತೆ ಇದು.

ಹೋದ ವೈಶಾಖದಲ್ಲಿ ಚಿಕ್ಕಪ್ಪನ ಮಗಳ ಮದುವೆ, ಹಾಸನದ ಒಂದು ಛತ್ರದಲ್ಲಿ. ಅಜ್ಜಿಯನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಅಜ್ಜಿಗೆ ಎಂಬತ್ತೊಂದು ವರ್ಷ, ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಹಾಕಬೇಕು, ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಊಟ ಹೊಟ್ಟೆಗೆ ಬೀಳಲೇಬೇಕು. ಮೊದಲನೇ ಪಂಕ್ತಿ ಹನ್ನೆರಡೂವರೆಗೆ ಅಂತ ಹೇಳಿದ್ದರು. ಹನ್ನೆರಡಕ್ಕೆ ಸರಿಯಾಗಿ ಇಂಜೆಕ್ಷನ್ ಕೊಟ್ಟೆ.

ಅಷ್ಟರಲ್ಲಿ ಆಫೀಸಿನಿಂದ ಫೋನ್. ಓಲಗದ ಸದ್ದಿನಿಂದ ತಪ್ಪಿಸಿಕೊಂಡು ಕಂಬದ ಮರೆಗೆ ಹೋದೆ. ಟೆಸ್ಟ್ ರಿಪೋರ್ಟ್ ಯಾವಾಗ ಕಳಿಸ್ತೀಯ ಅಂತ ಮ್ಯಾನೇಜರ್ ಕೇಳುತ್ತಿದ್ದರು. "ಸರಾಸರಿ ತಡ ಟಾರ್ಗೆಟ್‌ಗಿಂತ ಕಡಿಮೆನೇ ಇದೆಯಲ್ಲಮ್ಮಾ, ಇನ್ನೇನು ನೋಡೋದಿದೆ?" ಅಂದರು. ನಾನೂ "ಹೌದು ಸರ್, ಸರಾಸರಿ ಚೆನ್ನಾಗಿದೆ, ಸೋಮವಾರ ಕಳಿಸ್ತೀನಿ" ಅಂದೆ. ಮಾತು ಬೆಳೆಯಿತು.

ವಾಪಸ್ ಬಂದಾಗ ಊಟದ ಹಾಲ್ ತುಂಬಿ ಬಾಗಿಲು ಹಾಕಿದ್ದರು. ಮುಂದಿನ ಪಂಕ್ತಿಗೆ ಇನ್ನು ನಲವತ್ತು ನಿಮಿಷ. ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಅಜ್ಜಿ. ಹಣೆ ತುಂಬಾ ಬೆವರು, ಕೈ ನಡುಗುತ್ತಿತ್ತು. "ಏನಿಲ್ಲ ಬಿಡೇ, ಕಾಯ್ತೀನಿ" ಅನ್ನುತ್ತಿದ್ದರು.

ಊಟದ ಮನೆ ಉಸ್ತುವಾರಿ ದೊಡ್ಡಪ್ಪನದು. ಅಜ್ಜಿ ಮುಖ ನೋಡಿದವರೇ ಮೊದಲು ಒಂದು ಲೋಟ ಬೆಲ್ಲದ ಪಾನಕ ಕುಡಿಸಿದರು. ಆಮೇಲೆ ಕೈ ಹಿಡಿದು ಸೀದಾ ಒಳಗೆ ಕರೆದುಕೊಂಡು ಹೋದರು. ಸಾರು ಬಡಿಸುತ್ತಿದ್ದರು. ಬಾಗಿಲ ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗನಿಗೆ "ಏಳಪ್ಪಾ ಮಗಾ, ಇನ್ನೊಂದ್ಸಲ ಕೂರುವಂತೆ" ಅಂದು ಎಬ್ಬಿಸಿ, ಆ ಜಾಗಕ್ಕೆ ಹೊಸ ಎಲೆ ಹಾಕಿಸಿ, ಅಜ್ಜಿಗೆ ನೇರ ಅನ್ನ-ತೊವ್ವೆ ಬಡಿಸಿದರು. ಹುಡುಗ ಮುಖ ಊದಿಸಿಕೊಂಡು ಕೈ ತೊಳೆಯೋಕೆ ಹೋದ. ಮುಂದಿನ ಪಂಕ್ತಿಯಲ್ಲಿ ಅವನು ಕೋಸಂಬರಿಯಿಂದ ಮತ್ತೆ ಶುರು ಮಾಡಿದ.

ಸಂಜೆ ದೊಡ್ಡಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನನ್ ಲೆಕ್ಕ ಸರಿಯಾಗೇ ಇತ್ತು ಕಣೇ ಪುಟ್ಟಿ. ಮೂರು ಪಂಕ್ತಿ, ಎಲ್ಲಾರ್ಗೂ ಊಟ ಆಯ್ತು, ಒಂದೆಲೆ ದಂಡ ಆಗ್ಲಿಲ್ಲ. ಕಾಯಕ್ಕಾಗ್ದೇ ಇರೋರು ಯಾರಿದಾರೆ ಅಂತ ಮಾತ್ರ ಮೊದ್ಲೇ ಕೇಳ್ಲಿಲ್ಲ" ಅಂದರು.

ಬೆಂಗಳೂರಿನ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನನ್ನ ಕೆಲಸವೇ ಅದು. ಕಾಯಲಾಗದವರನ್ನು ಗುರುತಿಸಿ ಅವರಿಗೆ ಜಾಗ ಮಾಡಿಕೊಡುವ ಸಾಫ್ಟ್‌ವೇರನ್ನು ಪರೀಕ್ಷಿಸೋದು.

ಟವರಿನ ಊಟದ ಮನೆ

ನಿಮ್ಮ ಫೋನಿಗೆ ಸಿಗ್ನಲ್ ಕೊಡುವ ಬೇಸ್ ಸ್ಟೇಷನ್ ಒಳಗೆ ಶೆಡ್ಯೂಲರ್ ಅಂತ ಒಂದು ಸಾಫ್ಟ್‌ವೇರ್ ಇರುತ್ತೆ. ಅದೇ ಅಲ್ಲಿಯ ದೊಡ್ಡಪ್ಪ. ಗಾಳಿಯಲ್ಲಿರುವ ತರಂಗಾಂತರ ಎಲ್ಲರಿಗೂ ಸೇರಿದ್ದು, ಅಷ್ಟೇ ಇರೋದು. ಅದನ್ನು ಯಾರಿಗೆ, ಎಷ್ಟು, ಯಾವಾಗ ಅಂತ ಹಂಚೋದು ಅದರ ಕೆಲಸ.

ನಮ್ಮಲ್ಲಿ 5ಜಿ ಓಡುವ ಬ್ಯಾಂಡ್‌ಗಳಲ್ಲಿ ಮುಖ್ಯವಾದ ಒಂದು 3300 ಮೆಗಾಹರ್ಟ್ಸ್‌ನದು. ಅಲ್ಲಿ 100 ಮೆಗಾಹರ್ಟ್ಸ್ ಅಗಲದ ಜಾಗ ಸಿಕ್ಕರೆ ಅದನ್ನು 273 ತುಂಡು ಮಾಡುತ್ತಾರೆ. ಒಂದೊಂದು ತುಂಡನ್ನೂ ಒಂದು ಬಾಳೆಲೆ ಅಂದುಕೊಳ್ಳಿ. ಒಂದು ಪಂಕ್ತಿ ಮುಗಿಯೋದು ಅರ್ಧ ಮಿಲಿಸೆಕೆಂಡಿನಲ್ಲಿ. ಅಂದರೆ ಸೆಕೆಂಡಿಗೆ 2000 ಪಂಕ್ತಿ, ಪ್ರತಿ ಪಂಕ್ತಿಗೆ 273 ಎಲೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಪಂಕ್ತಿ ಎದ್ದಿರುತ್ತೆ.

ಒಬ್ಬರಿಗೆ ಒಂದೇ ಎಲೆ ಅಂತ ಇಲ್ಲ. ವಿಡಿಯೊ ನೋಡೋರಿಗೆ ಐವತ್ತು ಎಲೆ ಬೇಕಾಗಬಹುದು, ವಾಟ್ಸ್ಯಾಪ್ ಮೆಸೇಜಿಗೆ ಒಂದೆರಡು ಸಾಕು. ಟವರ್ ಹತ್ತಿರ ಇರೋರು ಒಂದು ಎಲೆಯಲ್ಲೇ ಜಾಸ್ತಿ ಮುಗಿಸುತ್ತಾರೆ, ಮೂಲೆಯ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೋರಿಗೆ ಅದೇ ಊಟಕ್ಕೆ ಹತ್ತು ಎಲೆ ಬೇಕು. ಇದನ್ನೆಲ್ಲ ತೂಗಿ ಶೆಡ್ಯೂಲರ್ ಪ್ರತಿ ಅರ್ಧ ಮಿಲಿಸೆಕೆಂಡಿಗೆ ತೀರ್ಮಾನ ಮಾಡುತ್ತೆ.

ಮೂರು ಥರದ ಅತಿಥಿಗಳು

5ಜಿ ಹೇಗಿರಬೇಕು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪಟ್ಟಿ ಮಾಡಿದಾಗ ಅತಿಥಿಗಳನ್ನು ಮೂರು ಗುಂಪು ಮಾಡಿತು. ಮೊದಲನೆಯವರಿಗೆ ಸ್ಪೀಡ್ ಬೇಕು: ನೀವು, ನಾನು, ರೀಲ್ಸ್ ನೋಡೋ ನಮ್ಮೆಲ್ಲರೂ. ಎರಡನೆಯವರು ಸಂಖ್ಯೆಯಲ್ಲಿ ಬಹಳ, ತಿನ್ನೋದು ಸ್ವಲ್ಪ: ನೀರಿನ ಮೀಟರ್, ಕರೆಂಟಿನ ಮೀಟರ್, ಸೆನ್ಸರ್‌ಗಳು. ಮೂರನೆಯವರೇ ನಮ್ಮ ಅಜ್ಜಿ. ಊಟ ಒಂದು ತುತ್ತು, ಆದರೆ ಹೊತ್ತಿಗೆ ಸಿಗಲೇಬೇಕು.

ಈ ಮೂರನೇ ಗುಂಪಿಗೆ 2017ರಲ್ಲಿ ಇಟ್ಟ ಗುರಿ ಹೀಗಿದೆ: 32 ಬೈಟಿನ ಒಂದು ಪುಟ್ಟ ಸಂದೇಶ ಗಾಳಿಯನ್ನು ದಾಟಿ 1 ಮಿಲಿಸೆಕೆಂಡಿನೊಳಗೆ ತಲುಪಬೇಕು, 1 ಲಕ್ಷ ಸಲದಲ್ಲಿ 99,999 ಸಲ. ಶೇಕಡಾ 99.999. ನಮ್ಮ ಆಫೀಸಿನಲ್ಲಿ ಇದನ್ನು 'ಐದು ಒಂಬತ್ತು' ಅನ್ನುತ್ತೇವೆ.

ಕಾರ್ಖಾನೆಯ ರೋಬೋ ಕೈ, ಗೋದಾಮಿನಲ್ಲಿ ತಾನೇ ಓಡಾಡುವ ಗಾಡಿ, ವಿದ್ಯುತ್ ಗ್ರಿಡ್ಡಿನ ರಕ್ಷಣಾ ಸ್ವಿಚ್ಚು, ಇವೆಲ್ಲ ಈ ಪಂಗಡದವು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದ ಮೇಲೆ ನಮ್ಮ ಫೋನಿಗೆ ಬಂದದ್ದು ಮುಖ್ಯವಾಗಿ ಮೊದಲನೇ ಗುಂಪಿನ ಊಟ. ಅದಕ್ಕೇ 5ಜಿ ಅಂದರೆ ಎಲ್ಲರಿಗೂ ಡೌನ್‌ಲೋಡ್ ಸ್ಪೀಡೇ ನೆನಪಾಗೋದು.

ಕೂಪನ್ ಸಾಲು

ಮಾಮೂಲಿ ಪದ್ಧತಿಯಲ್ಲಿ ಫೋನು ಏನಾದರೂ ಕಳಿಸಬೇಕಾದರೆ ಮೊದಲು ಟವರಿಗೆ ಒಂದು ಸಣ್ಣ ಸೂಚನೆ ಕೊಡಬೇಕು: ನನ್ನ ಹತ್ತಿರ ಕಳಿಸೋದಿದೆ. ಟವರ್ ನೋಡಿ ಅನುಮತಿ ಕೊಡಬೇಕು: ಇಂಥ ಪಂಕ್ತಿ, ಇಂಥ ಎಲೆ. ಆಮೇಲೆ ಫೋನು ಕಳಿಸಬೇಕು. ದರ್ಶಿನಿಯಲ್ಲಿ ಕೂಪನ್ ತಗೊಂಡು, ಕೌಂಟರಿನಲ್ಲಿ ಕೊಟ್ಟು, ಆಮೇಲೆ ದೋಸೆಗೆ ಕಾದ ಹಾಗೆ.

ಇನ್ನೊಂದು ತೊಡಕಿದೆ. ಈ ಬ್ಯಾಂಡಿನಲ್ಲಿ ಕಳಿಸೋದಕ್ಕೂ ತರಿಸೋದಕ್ಕೂ ಒಂದೇ ದಾರಿ, ಸರದಿ ಪ್ರಕಾರ ಬಿಡುತ್ತಾರೆ. ನಾವೆಲ್ಲ ಡೌನ್‌ಲೋಡ್ ಪ್ರಿಯರು. ಹಾಗಾಗಿ ಸಾಮಾನ್ಯವಾದ ಒಂದು ಏರ್ಪಾಡಿನಲ್ಲಿ ಐದು ಪಂಕ್ತಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಡೌನ್‌ಲೋಡಿಗೇ ಹೋಗುತ್ತೆ. ಅಪ್‌ಲೋಡಿನ ಸರದಿ ಬರೋದು 2.5 ಮಿಲಿಸೆಕೆಂಡಿಗೆ ಒಂದು ಸಲ. 1 ಮಿಲಿಸೆಕೆಂಡಿನ ಗಡುವು ಇರೋನಿಗೆ ಬರೀ ಬಾಗಿಲು ತೆಗೆಯೋದನ್ನು ಕಾಯೋದರಲ್ಲೇ ಗಡುವು ಮುಗಿದಿರುತ್ತೆ. ಆದ್ದರಿಂದ ಕಾರ್ಖಾನೆಗೆ ಈ ಸರದಿಯನ್ನೇ ಬೇರೆ ಥರ ಜೋಡಿಸಬೇಕಾಗುತ್ತೆ.

ಕೂಪನ್ ಕಾಟಕ್ಕೆ ಉಪಾಯ ಸುಲಭ: ಒಂದು ಎಲೆಯನ್ನು ಕಾಯಂ ಆಗಿ ಅವರ ಹೆಸರಿಗೇ ಬರೆದುಬಿಡೋದು. ಗಾಡಿಗೆ ಹೇಳಬೇಕಾದ್ದು ಇದ್ದರೆ ಕೇಳದೇ ಬಂದು ಕೂರಬಹುದು. ಇಲ್ಲದಿದ್ದರೆ ಎಲೆ ಖಾಲಿ. ಪೋಲು ಬೇಡ ಅಂತ ಒಂದೇ ಎಲೆಯನ್ನು ನಾಲ್ಕು ಗಾಡಿಗೆ ಕೊಟ್ಟರೆ, ಎರಡು ಗಾಡಿ ಒಟ್ಟಿಗೆ ಬಂದ ದಿನ ಇಬ್ಬರಿಗೂ ಊಟ ಕೆಡುವ ಸಾಧ್ಯತೆ ಇರುತ್ತೆ. ಪೂರ್ತಿ ಕಾಯ್ದಿರಿಸಿದರೆ ದಂಡ, ಹಂಚಿಕೊಂಡರೆ ಡಿಕ್ಕಿ. ನಮ್ಮ ಟೀಮಿನ ಜಗಳಗಳಲ್ಲಿ ಅರ್ಧ ಈ ಒಂದೇ ವಿಷಯಕ್ಕೆ.

ಹುಡುಗನನ್ನು ಎಬ್ಬಿಸಿದ ಹಾಗೆ

ಟವರಿನಿಂದ ಗಾಡಿಗೆ ಬರುವ ದಿಕ್ಕಿನಲ್ಲಿ ದೊಡ್ಡಪ್ಪ ಮಾಡಿದ್ದನ್ನೇ 5ಜಿ ಮಾಡುತ್ತೆ. ಅರ್ಧ ಮಿಲಿಸೆಕೆಂಡಿನ ಒಂದು ಪಂಕ್ತಿಯಲ್ಲಿ 14 ತುತ್ತುಗಳಿವೆ ಅಂದುಕೊಳ್ಳಿ. ಎಲ್ಲ ಎಲೆಯಲ್ಲೂ ಯಾರದೋ ವಿಡಿಯೊ ಹೋಗುತ್ತಿದೆ. ಮಧ್ಯದಲ್ಲಿ ತುರ್ತು ಸಂದೇಶ ಬಂತು. ಶೆಡ್ಯೂಲರ್ ಪಂಕ್ತಿ ಮುಗಿಯೋವರೆಗೂ ಕಾಯಲ್ಲ. ವಿಡಿಯೊದ ಎರಡು ತುತ್ತಿನ ಜಾಗ ಕಿತ್ತುಕೊಂಡು, ಅಲ್ಲಿ ತುರ್ತಿನದನ್ನು ತುರುಕಿ ಕಳಿಸುತ್ತೆ. ಎರಡು ತುತ್ತು ಅಂದರೆ 1 ಮಿಲಿಸೆಕೆಂಡಿನ ಹದಿನಾಲ್ಕನೇ ಒಂದು ಭಾಗ.

ಆಮೇಲೆ ವಿಡಿಯೊ ನೋಡುತ್ತಿದ್ದ ಫೋನಿಗೆ ಒಂದು ಸೂಚನೆ ಹೋಗುತ್ತೆ: ಮಧ್ಯದ ಆ ಭಾಗ ನಿನ್ನದಲ್ಲ, ಅದನ್ನು ಬಿಟ್ಟು ಲೆಕ್ಕ ಹಾಕು. ಹಾಗೂ ಆಗದಿದ್ದರೆ ಕೆಟ್ಟದ್ದನ್ನು ಮತ್ತೆ ಕಳಿಸುತ್ತಾರೆ. ಆ ಹುಡುಗ ಕೋಸಂಬರಿಯಿಂದ ಮತ್ತೆ ಶುರು ಮಾಡಿದನಲ್ಲ, ಹಾಗೆ. ವಿಡಿಯೊ ಸ್ವಲ್ಪ ಮುಂಚೆಯೇ ತುಂಬಿಸಿಟ್ಟುಕೊಂಡಿರೋದರಿಂದ ನಿಮಗೆ ಗೊತ್ತೂ ಆಗಲ್ಲ. ತಡೆದುಕೊಳ್ಳುವ ಶಕ್ತಿ ಇರೋರಿಂದ ಇಸಿದುಕೊಂಡು ಇಲ್ಲದೋರಿಗೆ ಕೊಡೋದು, ಅಷ್ಟೇ.

ಸೂಪರ್ ಓವರ್ ಲೆಕ್ಕ

ಬೇಗ ಕಳಿಸೋದು ಅರ್ಧ ಕತೆ. ತಲುಪಲೇಬೇಕು ಅನ್ನೋದು ಇನ್ನರ್ಧ, ಮತ್ತು ಅದೇ ಕಷ್ಟದ್ದು.

ಮಾಮೂಲಿ ನೆಟ್‌ವರ್ಕಿನಲ್ಲಿ ಮೊದಲ ಸಲ ತಲುಪದಿದ್ದರೆ ಇನ್ನೊಂದು ಸಲ ಕಳಿಸುತ್ತಾರೆ. 1 ಮಿಲಿಸೆಕೆಂಡಿನಲ್ಲಿ 'ಸಿಗಲಿಲ್ಲ' ಅಂತ ಹೇಳಿ, ಮತ್ತೆ ಬಡಿಸೋಕೆ ಹೊತ್ತು ಸಾಲದು. ಮೊದಲ ಸಲವೇ ಸರಿಹೋಗಬೇಕು. ಅದಕ್ಕೆ ಒಂದೇ ತುತ್ತನ್ನು ನಾಲ್ಕೈದು ಎಲೆಗೆ ಹರಡಿ ಕಳಿಸುತ್ತಾರೆ, ಒಂದು ಹಾಳಾದರೂ ಉಳಿದದ್ದು ಸಾಕು ಅಂತ.

1948ರಲ್ಲಿ ಕ್ಲಾಡ್ ಶಾನನ್ ಒಂದು ದಾರಿಯಲ್ಲಿ ತಪ್ಪಿಲ್ಲದೆ ಗರಿಷ್ಠ ಎಷ್ಟು ಮಾಹಿತಿ ಕಳಿಸಬಹುದು ಅಂತ ಲೆಕ್ಕ ಕೊಟ್ಟ. ಆದರೆ ಆ ಲೆಕ್ಕ ಉದ್ದುದ್ದ ಸಂದೇಶಗಳಿಗೆ. ಉದ್ದದ ಸಂದೇಶ ಅಂದರೆ ಟೆಸ್ಟ್ ಮ್ಯಾಚ್: ಒಂದು ಸೆಷನ್ ಕೆಟ್ಟರೂ ಇನ್ನೊಂದರಲ್ಲಿ ಸರಿದೂಗುತ್ತೆ. 32 ಬೈಟು ಅಂದರೆ ಬರೀ 256 ಬಿಟ್ಟು. ಅದು ಸೂಪರ್ ಓವರ್. ಎರಡು ಬಾಲ್ ಕೆಟ್ಟರೆ ಆಟ ಮುಗೀತು, ಸರಿದೂಗಿಸೋಕೆ ಉಳಿದ ಬಾಲೇ ಇಲ್ಲ. ಇಂಥ ಗಿಡ್ಡ ಸಂದೇಶಕ್ಕೆ ಎಷ್ಟು ಹೆಚ್ಚಿನ ಬೆಲೆ ತೆರಬೇಕು ಅನ್ನೋದನ್ನು ಪೊಲಿಯಾನ್‌ಸ್ಕಿ, ಪೂರ್, ವೆರ್ಡು ಅನ್ನುವ ಮೂವರು 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಮ್ಮ ಕೆಲಸದಲ್ಲಿ ಅವರ ಸೂತ್ರ ಇವತ್ತಿಗೂ ದಿನಬಳಕೆಯದು.

ಐದು ಒಂಬತ್ತು ಸಾಕಾ?

ಶೇಕಡಾ 99.999 ಅಂದರೆ ಕೇಳೋಕೆ ಬಹಳ ದೊಡ್ಡದು. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಗಾಡಿಗೆ 10 ಮಿಲಿಸೆಕೆಂಡಿಗೊಮ್ಮೆ 'ದಾರಿ ಸರಿಯಿದೆ, ಹೋಗು' ಅನ್ನುವ ಸಂದೇಶ ಹೋಗಬೇಕು. ಸೆಕೆಂಡಿಗೆ 100. ಗಂಟೆಗೆ 3,60,000. ಐದು ಒಂಬತ್ತಿನ ನೆಟ್‌ವರ್ಕಿನಲ್ಲೂ ಗಂಟೆಗೆ ಮೂರ್ನಾಲ್ಕು ತಪ್ಪುತ್ತೆ. ಮೂರು ಒಂಬತ್ತಿನದಾದರೆ ಗಂಟೆಗೆ 360.

ಅದಕ್ಕೇ ಗಾಡಿಗಳಿಗೆ ಸ್ವಲ್ಪ ತಾಳ್ಮೆ ಕಲಿಸಿರುತ್ತಾರೆ. ಒಂದು ಸಂದೇಶ ತಪ್ಪಿದರೆ ಸಹಿಸಿಕೊಳ್ಳುತ್ತೆ. ಸತತವಾಗಿ ಎರಡು ತಪ್ಪಿದರೆ ಏನೋ ಎಡವಟ್ಟಾಗಿದೆ ಅಂತ ತಾನಾಗೇ ನಿಂತುಬಿಡುತ್ತೆ. ಲಕ್ಷಕ್ಕೊಂದು ತಪ್ಪುವಾಗ ಎರಡು ಒಟ್ಟೊಟ್ಟಿಗೆ ತಪ್ಪೋದು ಸಾವಿರ ಕೋಟಿಗೊಂದು ಸಲ ಅಲ್ವಾ? ಕಾಗದದ ಮೇಲೆ ಹೌದು. ನೆಲದ ಮೇಲೆ ಅಲ್ಲ. ರೇಡಿಯೊದಲ್ಲಿ ತಪ್ಪುಗಳು ಒಂಟಿಯಾಗಿ ಬರಲ್ಲ, ಸಂಸಾರ ಸಮೇತ ಬರುತ್ತವೆ. ಒಂದು ಫೋರ್ಕ್‌ಲಿಫ್ಟ್ ಅಡ್ಡ ನಿಂತರೆ ಅದು ಕದಲುವವರೆಗೂ ಎಲ್ಲ ಸಂದೇಶವೂ ಮಂಕು.

ನಮ್ಮ ಲ್ಯಾಬಿನಲ್ಲಿ ಆಗುತ್ತಿದ್ದದ್ದು ಇದೇ. ಸರಾಸರಿ ಅಚ್ಚುಕಟ್ಟು. ಗ್ರಾಫಿನ ಬಾಲದಲ್ಲಿ ಮಾತ್ರ ಕೆಲವು ಚುಕ್ಕಿ, ಒಂದರ ಪಕ್ಕ ಒಂದು. ನೆಟ್‌ವರ್ಕ್ ತುಂಬಿದಾಗ, ಲೋಹದ ಕಪಾಟಿನ ಹಿಂದೆ ಹೋದಾಗ ಗಾಡಿ ಗಕ್ಕಂತ ನಿಲ್ಲುತ್ತಿತ್ತು. ನಿಂತರೆ ಯಾರಿಗೂ ಪೆಟ್ಟಾಗಲ್ಲ, ನಿಜ. ಆದರೆ ದಿನಕ್ಕೆ ಹತ್ತು ಸಲ ಸುಮ್ಮಸುಮ್ಮನೆ ನಿಲ್ಲುವ ಗಾಡಿಯನ್ನು ಕಾರ್ಖಾನೆಯವರು ಎಷ್ಟು ದಿನ ಸಹಿಸುತ್ತಾರೆ? ಗಿರಾಕಿ ಕಡೆಯವರೊಬ್ಬರು ಆಗಲೇ ಕೇಳಿದ್ದರು: "ಆ ಕಾಯೋ ಟೈಮನ್ನೇ ಅರ್ಧ ಸೆಕೆಂಡ್ ಮಾಡಿಬಿಡಿ, ತಲೆನೋವೇ ಇರಲ್ಲ."

ಸೆಕೆಂಡಿಗೆ 2 ಮೀಟರ್ ಓಡುವ ಗಾಡಿ ಅರ್ಧ ಸೆಕೆಂಡಿನಲ್ಲಿ 1 ಮೀಟರ್ ಕುರುಡಾಗಿ ಹೋಗುತ್ತೆ. ಗಾಡಿಗೆ ತನ್ನದೇ ಲೇಸರ್ ಕಣ್ಣಿರುತ್ತೆ, ಆದರೆ ಕಪಾಟಿನ ತಿರುವಿನಾಚೆ ಅದಕ್ಕೆ ಕಾಣಲ್ಲ. ಆ 1 ಮೀಟರಿನಲ್ಲಿ ಟೀ ಲೋಟ ಹಿಡಿದು ಬರುವ ಒಬ್ಬ ಮನುಷ್ಯ ಇರಬಹುದು. 'ಸರಾಸರಿ ಚೆನ್ನಾಗಿದೆ' ಅಂತ ಬರೆದು ಕಳಿಸೋಕೆ ಹೊರಟಿದ್ದೆನಲ್ಲ, ಆ ರಿಪೋರ್ಟಿನಲ್ಲಿ ಈ ಮನುಷ್ಯ ಇರಲಿಲ್ಲ.

ಖಾಲಿ ಎಲೆಯ ಬೆಲೆ

ಸೋಮವಾರ ನಾನು ಸರಾಸರಿ ಬರೆಯಲಿಲ್ಲ. ಅತಿ ತಡವಾದ ಸಂದೇಶ ಎಷ್ಟು ತಡ, ಸತತ ಎರಡು ತಪ್ಪಿದ್ದು ಎಷ್ಟು ಸಲ, ಯಾವ ಜಾಗದಲ್ಲಿ, ಇಷ್ಟನ್ನೇ ಬರೆದೆ. 'ಪಾಸ್' ಅನ್ನೋ ಕಡೆ 'ಇಲ್ಲ' ಅಂತ ಹಾಕಿದೆ. ಮ್ಯಾನೇಜರ್‌ಗೆ ಖುಷಿಯಾಗಲಿಲ್ಲ.

ಪರಿಹಾರ ಏನು ಅಂತ ನಮಗೆಲ್ಲ ಗೊತ್ತಿತ್ತು. ಗಾಡಿಗಳಿಗೆ ಕಾಯಂ ಎಲೆ. ಒಂದೇ ಸಂದೇಶವನ್ನು ಎರಡು ಬೇರೆ ಮೂಲೆಯ ಆಂಟೆನಾದಿಂದ ಕಳಿಸೋದು, ಒಂದಕ್ಕೆ ಫೋರ್ಕ್‌ಲಿಫ್ಟ್ ಅಡ್ಡ ಬಂದರೆ ಇನ್ನೊಂದು ಇರಲಿ ಅಂತ. ಲೆಕ್ಕ ಹಾಕುವ ಕಂಪ್ಯೂಟರ್ ಕಾರ್ಖಾನೆಯೊಳಗೇ ಇಡೋದು. ಫೈಬರಿನಲ್ಲಿ ಬೆಳಕು 1 ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಅಷ್ಟೇ ಹೋಗೋದು, ಕಂಪ್ಯೂಟರ್ ಮುಂಬೈಯಲ್ಲಿದ್ದರೆ ಬೆಂಗಳೂರಿನಿಂದ ಹೋಗೋದಕ್ಕೇ ನಾಲ್ಕು ಮಿಲಿಸೆಕೆಂಡು ದಾಟುತ್ತೆ.

ಯಾರೂ ಒಪ್ಪದೇ ಇದ್ದದ್ದು ಬೆಲೆಗೆ. ಗಾಡಿಗೆ ಎಲೆ ಕಾಯ್ದಿರಿಸಿದ ತಕ್ಷಣ ಅದೇ ನೆಟ್‌ವರ್ಕಿನಲ್ಲಿರುವ ಬೇರೆಯವರ ಡೌನ್‌ಲೋಡ್ ಸ್ಪೀಡ್ ಇಳಿಯಿತು. ಸ್ಪೀಡ್ ಟೆಸ್ಟಿನಲ್ಲಿ ಅದು ಎದ್ದು ಕಾಣುತ್ತೆ. ತಪ್ಪಿಹೋದ ಅಪಘಾತ ಯಾವ ಟೆಸ್ಟಿನಲ್ಲೂ ಕಾಣಲ್ಲ.

ಈ ಜಗಳ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞ 1909ರಲ್ಲಿ ಫೋನ್ ಕರೆಗಳ ಬಗ್ಗೆ ಬರೆದ ಲೇಖನದಿಂದ ಸಾಲುಗಳ ಗಣಿತ ಶುರುವಾಯಿತು. ಆ ಗಣಿತ ಹೇಳೋದು ಬೆಂಗಳೂರಿನವರಿಗೆ ಅನುಭವದಿಂದಲೇ ಗೊತ್ತು: ರಸ್ತೆ ಪೂರ್ತಿ ತುಂಬಿಸಿದರೆ ಯಾರೂ ಹೊತ್ತಿಗೆ ಮುಟ್ಟಲ್ಲ. ಒಂದೇ ಕೌಂಟರಿನ ಅತಿ ಸರಳ ಲೆಕ್ಕ ತಗೊಂಡರೆ, ಕೌಂಟರ್ ಅರ್ಧ ಹೊತ್ತು ಬಿಜಿ ಇದ್ದಾಗ ಒಬ್ಬರ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಕಾಯಬೇಕು. ಶೇಕಡಾ 90 ಬಿಜಿ ಆದರೆ ಒಂಬತ್ತು ಪಟ್ಟು. ಶೇಕಡಾ 99 ಆದರೆ ತೊಂಬತ್ತೊಂಬತ್ತು ಪಟ್ಟು. ಒಂದೆಲೆಯೂ ದಂಡವಾಗದ ಪಂಕ್ತಿಯಲ್ಲಿ ಅಜ್ಜಿಗೆ ಜಾಗ ಇರೋದಿಲ್ಲ.

ಹಾಗಂತ ಎಲ್ಲರಿಗೂ ಎಲೆ ಕಾಯ್ದಿರಿಸೋಕೂ ಆಗಲ್ಲ. ಮೀಟಿಂಗಿನಲ್ಲಿ ಎಲ್ಲರೂ ತಮ್ಮದೇ ತುರ್ತು ಅನ್ನುತ್ತಾರೆ. 2001ರ ಸೆಪ್ಟೆಂಬರ್ 7ರಂದು ಡಾ. ಜಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ರೋಗಿಯ ಪಿತ್ತಕೋಶವನ್ನು ರೋಬೋ ಮೂಲಕ ತೆಗೆದರು. ದಾರಿ ಫೈಬರಿನದು, ಕೈ ಆಡಿಸಿದ್ದು ಪರದೆಯಲ್ಲಿ ಕಾಣೋಕೆ ಸುಮಾರು 155 ಮಿಲಿಸೆಕೆಂಡ್. ಆಪರೇಷನ್ ಸರಿಹೋಯಿತು. ಮನುಷ್ಯನ ಕೈಗೆ ಅಷ್ಟು ತಡ ನಡೆಯುತ್ತೆ, ಸಂಪರ್ಕ ಕಡಿಯಬಾರದು ಅಷ್ಟೇ. ರೋಬೋ ಕೈಯ ಲಯಕ್ಕೆ ಅದು ನಡೆಯಲ್ಲ. ಯಾರಿಗೆ ಎಷ್ಟು ತಡ ತಡೆಯುತ್ತೆ ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳೋದೇ ಹಂಚಿಕೆಯ ಮೊದಲ ಹೆಜ್ಜೆ. ಪಟ್ಟಿಯಲ್ಲಿ ಹಿಡಿಸದವರಿಗೆ ಮೊದಲೇ ಆಗಲ್ಲ ಅನ್ನಬೇಕು. ಒಳಗೆ ಕರೆದು ಕಾಯಿಸೋದಕ್ಕಿಂತ ಅದು ವಾಸಿ.

ದೇಶದ ಮಟ್ಟದಲ್ಲೂ ಇದೇ ಪ್ರಶ್ನೆ. 2021ರ ಜೂನಿನಲ್ಲಿ ಕೇಂದ್ರ ಸಂಪುಟ 700 ಮೆಗಾಹರ್ಟ್ಸ್ ಬ್ಯಾಂಡಿನ 5 ಮೆಗಾಹರ್ಟ್ಸನ್ನು ರೈಲು ಸುರಕ್ಷತೆಗೆ ಅಂತಲೇ ರೈಲ್ವೆಗೆ ತೆಗೆದಿಟ್ಟಿತು. ಆ ಜಾಗವನ್ನು ಫೋನ್ ಕಂಪನಿಗಳಿಗೂ ಕೊಡಬಹುದಿತ್ತು. ಅದರ ಬದಲು ರೈಲಿಗೆ ಒಂದು ಎಲೆ ಹಾಕಿಟ್ಟರು.

ನಮ್ಮ ಲ್ಯಾಬಿನಲ್ಲಿ ಕೊನೆಗೆ ಎರಡು ವಾರ ತಡವಾಗಿ, ಕಾಯಂ ಎಲೆ ಮತ್ತು ಎರಡನೇ ಆಂಟೆನಾ ಎರಡನ್ನೂ ಸೇರಿಸಿ ಕಳಿಸಿದೆವು. ಕಾಯೋ ಟೈಮ್ ಅರ್ಧ ಸೆಕೆಂಡ್ ಆಗಲಿಲ್ಲ. ರಿಪೋರ್ಟಿನಲ್ಲಿ ಈಗ ಸರಾಸರಿಯ ಮೇಲೆ ಇನ್ನೊಂದು ಸಾಲಿದೆ, 'ಅತಿ ತಡ' ಅಂತ. ಮ್ಯಾನೇಜರ್ ಮೊದಲು ಅದನ್ನೇ ನೋಡುತ್ತಾರೆ.

ಶ್ರಾವಣದಲ್ಲಿ ಚಿಕ್ಕಪ್ಪನ ಹೊಸ ಮನೆ ಗೃಹಪ್ರವೇಶ. ಊಟದ ಉಸ್ತುವಾರಿ ಮತ್ತೆ ದೊಡ್ಡಪ್ಪನದೇ. ಬಾಗಿಲ ಪಕ್ಕ ಒಂದು ಎಲೆ ಹಾಕಿ, ಮೇಲೊಂದು ಲೋಟ ಬೋರಲು ಇಟ್ಟಿದ್ದರು. ಪಂಕ್ತಿ ತುಂಬಿತು, ನೆಂಟರೊಬ್ಬರು ನಿಂತೇ ಇದ್ದರು. "ಅದೊಂದು ಖಾಲಿ ಇದೆಯಲ್ರೀ" ಅಂದರು.

"ಖಾಲಿ ಅಲ್ಲ, ಅದು ಇಟ್ಟಿರೋದು" ಅಂದರು ದೊಡ್ಡಪ್ಪ.

ಪಲ್ಯ ಬಡಿಸೋ ಹೊತ್ತಿಗೆ ಅಜ್ಜಿ ನನ್ನ ಕೈ ಹಿಡಿದು ಬಂದರು. ನನ್ನ ಫೋನ್ ಆವತ್ತು ಬ್ಯಾಗಿನಲ್ಲಿತ್ತು.